ಕೊಳಚೆ ಘಟಕವನ್ನು ಎರಡು ತುದಿಯಿಂದ ಯೋಚಿಸಿ: ದಾವಣಗೆರೆಯಿಂದ ಒಂದು ಬಹಿರಂಗ ಪತ್ರ

ದಾವಣಗೆರೆ ಮಹಾನಗರ ಪಾಲಿಕೆಯ ಮಾನ್ಯ ಆಯುಕ್ತರಿಗೆ, ದೂಡಾ (ನಗರಾಭಿವೃದ್ಧಿ ಪ್ರಾಧಿಕಾರ) ಅಧ್ಯಕ್ಷರಿಗೆ, ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿಯ ಇಂಜಿನಿಯರುಗಳಿಗೆ, ಈ ಊರಿನ ನಲ್ಲಿ ನೀರು ಕುಡಿಯುವ ಎಲ್ಲರಿಗೂ

ನಮಸ್ಕಾರ.

ಊರಿಗೆ ನೀರು ತರುವ ಯೋಜನೆ ಅಂದರೆ ಎಲ್ಲರಿಗೂ ಖುಷಿ. ಪೈಪಿಗೆ ಪೂಜೆ ಆಗುತ್ತದೆ, ವೃತ್ತಕ್ಕೊಂದು ಫ್ಲೆಕ್ಸ್ ಏಳುತ್ತದೆ. ಜಲಸಿರಿ ಯೋಜನೆಯಲ್ಲಿ 24 ಗಂಟೆಯೂ ನೀರು ಅಂದಾಗ ನಮ್ಮ ಬೀದಿಯಲ್ಲೂ ಅದೇ ಮಾತು. ಆದರೆ ಬಂದ ನೀರು ಮನೆಯಲ್ಲೇ ಉಳಿಯುವುದಿಲ್ಲವಲ್ಲ. ನೂರು ಲೀಟರ್ ಒಳಗೆ ಬಂದರೆ ಎಂಬತ್ತು ಲೀಟರ್ ಕೊಳೆಯಾಗಿ ಹೊರಗೆ ಹೋಗುತ್ತದೆ ಅಂತ ಇಂಜಿನಿಯರುಗಳು ಲೆಕ್ಕ ಹಿಡಿಯುತ್ತಾರೆ. ಅಂದಮೇಲೆ ನೀರು ಜಾಸ್ತಿ ತಂದಷ್ಟೂ ಕೊಳಚೆಯನ್ನೂ ಜಾಸ್ತಿ ತಂದ ಹಾಗೇ. ಅದಕ್ಕೆ ಮಾತ್ರ ಯಾರೂ ಫ್ಲೆಕ್ಸ್ ಕಟ್ಟುವುದಿಲ್ಲ.

ನಾನು ಸಿವಿಲ್ ಇಂಜಿನಿಯರಿಂಗ್ ಪಾಠ ಹೇಳಿ ನಿವೃತ್ತನಾದವನು. ಕೊಳಚೆ ನೀರಿನ ಶುದ್ಧೀಕರಣ ನನ್ನ ಪೇಪರ್. ಹಾಗಾಗಿ ಈ ಪತ್ರದಲ್ಲಿ ಅಲ್ಲಲ್ಲಿ ಲೆಕ್ಕ ಬರುತ್ತದೆ, ದಯವಿಟ್ಟು ಸಹಿಸಿಕೊಳ್ಳಿ. ಊರು ಬೆಳೆಯುತ್ತಿದೆ. ಇವತ್ತಲ್ಲ ನಾಳೆ ಹೊಸ ಶುದ್ಧೀಕರಣ ಘಟಕದ ಡಿಪಿಆರ್, ಅಂದರೆ ವಿವರವಾದ ಯೋಜನಾ ವರದಿ, ತಮ್ಮ ಮೇಜಿಗೆ ಬಂದೇ ಬರುತ್ತದೆ. ಅದಕ್ಕೆ ಮೊದಲು ಒಂದೇ ಕೋರಿಕೆ. ಯೋಜನೆಯನ್ನು ಘಟಕದಿಂದ ಶುರು ಮಾಡಬೇಡಿ. ಈ ಕೆಲಸದ ಒಂದು ತುದಿಯಲ್ಲಿ ಮನೆಯ ಬಚ್ಚಲಿದೆ. ಇನ್ನೊಂದು ತುದಿಯಲ್ಲಿ ಶುದ್ಧವಾದ ನೀರು ಸೇರಬೇಕಾದ ಹೊಲವೋ ಹೊಳೆಯೋ ಇದೆ. ಆ ಎರಡನ್ನು ಮೊದಲು ಗಟ್ಟಿ ಮಾಡಿಕೊಂಡರೆ ನಡುವಿನ ಘಟಕ ಎಲ್ಲಿ ಬೇಕು, ಎಷ್ಟು ದೊಡ್ಡದು ಬೇಕು ಅನ್ನುವುದು ತಾನಾಗಿ ಗೊತ್ತಾಗುತ್ತದೆ.

ಸಾಮಾನ್ಯವಾಗಿ ಇದು ತಿರುಗುಮುರುಗಾಗಿ ನಡೆಯುತ್ತದೆ. ಮೊದಲು ಇಷ್ಟು ಎಂಎಲ್‌ಡಿ ಅಂತ ಒಂದು ಅಂಕಿ ಬರುತ್ತದೆ. ಒಂದು ಎಂಎಲ್‌ಡಿ ಅಂದರೆ ದಿನಕ್ಕೆ ಹತ್ತು ಲಕ್ಷ ಲೀಟರ್. ಆಮೇಲೆ ಆ ಅಂಕಿಗೆ ಜಾಗ, ಜಾಗಕ್ಕೆ ಟೆಂಡರ್, ಟೆಂಡರಿಗೆ ಕಟ್ಟಡ. ಎಲ್ಲ ಮುಗಿದ ಮೇಲೆ ನೋಡಿದರೆ ಘಟಕಕ್ಕೆ ಬೇಕಾದಷ್ಟು ಕೊಳಚೆಯೇ ಬರುವುದಿಲ್ಲ. ಇದು ನಾನು ಸುಮ್ನೆ ಹೇಳುತ್ತಿರುವ ಮಾತಲ್ಲ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2021ರಲ್ಲಿ ಕೊಟ್ಟ ಲೆಕ್ಕ ನೋಡಿ. ದೇಶದ ನಗರಗಳಲ್ಲಿ ದಿನಕ್ಕೆ 72,000 ಎಂಎಲ್‌ಡಿಗೂ ಮೇಲೆ ಕೊಳಚೆ ಹುಟ್ಟುತ್ತದೆ. ಕಟ್ಟಿರುವ ಘಟಕಗಳ ಸಾಮರ್ಥ್ಯ ಸುಮಾರು 31,800. ನಿಜವಾಗಿ ಶುದ್ಧವಾಗುತ್ತಿದ್ದುದು ಸುಮಾರು 20,200 ಮಾತ್ರ. ಘಟಕಗಳು ಕಡಿಮೆ ಇವೆ, ಸರಿ. ಆದರೆ ಇರುವ ಸಾಮರ್ಥ್ಯದಲ್ಲೇ ಮೂರನೇ ಒಂದು ಪಾಲು ಖಾಲಿ ಬಿದ್ದಿದೆಯಲ್ಲ, ಅದಕ್ಕೇನು ಹೇಳುವುದು? ಇತ್ತ ಘಟಕ ಕಾಯುತ್ತಾ ಕೂತಿರುತ್ತದೆ, ಅತ್ತ ಮೋರಿ ತುಂಬಿ ಹರಿಯುತ್ತಿರುತ್ತದೆ.

ಯಾಕೆ ಹೀಗೆ ಅಂತ ತಿಳಿಯಬೇಕಾದರೆ ನಮ್ಮ ಯಾವುದಾದರೂ ಹಳೆ ಬಡಾವಣೆಯ ಅಡ್ಡರಸ್ತೆಯಲ್ಲಿ ಬೆಳಗ್ಗೆ ಏಳರ ಹೊತ್ತಿಗೆ ನಿಂತು ನೋಡಿ. ಮನೆ ಮುಂದೆ ಯುಜಿಡಿ, ಅಂದರೆ ಒಳಚರಂಡಿಯ ಛೇಂಬರ್ ಇರುತ್ತದೆ. ಶೌಚಾಲಯದ ಪೈಪು ಅದಕ್ಕೆ ಸೇರಿರುತ್ತದೆ. ಆದರೆ ಗೋಡೆಯಿಂದ ಇನ್ನೊಂದು ಪೈಪು ಹೊರಗೆ ಇಣುಕಿ ನೇರ ರಸ್ತೆ ಬದಿಯ ಮೋರಿಗೆ ಸುರಿಯುತ್ತಿರುತ್ತದೆ. ಅದು ಬಚ್ಚಲ ನೀರು, ಪಾತ್ರೆ ತೊಳೆದ ನೀರು, ಬಟ್ಟೆ ಒಗೆದ ನೀರು. ಮನೆಯ ಕೊಳೆ ನೀರಲ್ಲಿ ಹೆಚ್ಚಿನ ಪಾಲು ಇದೇ. ಯುಜಿಡಿ ಬರುವ ಮೊದಲೇ ಕಟ್ಟಿದ ಮನೆ. ಒಳಗಿನ ನೆಲ ಅಗೆದು ಪೈಪು ತಿರುಗಿಸಲು ಖರ್ಚಿದೆ, ಗಲೀಜಿದೆ, ಒಂದು ವಾರ ಅಡುಗೆಮನೆಗೆ ಬೀಗ. ಯಾರು ಮಾಡುತ್ತಾರೆ? ಹೀಗಾಗಿ ಒಳಚರಂಡಿ ಪೈಪಿನಲ್ಲಿ ಕಡಿಮೆ ನೀರು, ಗಟ್ಟಿ ಕೊಳೆ. ತೆರೆದ ಮೋರಿಯಲ್ಲಿ ಜಾಸ್ತಿ ನೀರು. ಆ ಮೋರಿಗೂ ಘಟಕಕ್ಕೂ ಸಂಬಂಧವೇ ಇಲ್ಲ. ಅದು ಹಳ್ಳ ಹಿಡಿದು ಹೋಗುತ್ತದೆ.

ಹಾಗಾಗಿ ಮೊದಲ ಮಾತು, ಮನೆಯೊಳಗಿನ ಆ ಪೈಪು ತಿರುಗಿಸುವ ಖರ್ಚನ್ನು ಯೋಜನೆಯ ವೆಚ್ಚದಲ್ಲೇ ಸೇರಿಸಿ. 'ಮಾಲೀಕರೇ ಮಾಡಿಕೊಳ್ಳತಕ್ಕದ್ದು' ಅಂತ ನೋಟಿಸ್ ಅಂಟಿಸಿದರೆ ಆಗುವ ಕೆಲಸವಲ್ಲ ಇದು. ಬಡವರ ಮನೆಗೆ ಪುಕ್ಕಟೆ, ಉಳಿದವರಿಗೆ ಕಂತಿನಲ್ಲಿ ವಸೂಲಿ, ಪಾಲಿಕೆಯ ಪ್ಲಂಬರ್ ಮನೆಗೇ ಬಂದು ಎರಡು ದಿನದಲ್ಲಿ ಮುಗಿಸಿ ಹೋಗುವ ವ್ಯವಸ್ಥೆ. ಹೀಗೆ ಮಾಡಲು ಆಗದ ಓಣಿಗಳಿಗೆ ಮೋರಿಯ ಕೊನೆಯಲ್ಲೇ ತಡೆ ಕಟ್ಟಿ, ಬೇಸಿಗೆಯ ಹರಿವನ್ನು ಯುಜಿಡಿಗೆ ತಿರುಗಿಸಬಹುದು. ಅದು ಎರಡನೇ ದರ್ಜೆಯ ದಾರಿ. ಮೋರಿಯ ಕಸವೂ ಮಣ್ಣೂ ಜೊತೆಗೇ ಬರುತ್ತವೆ. ಆದರೂ ಹಳ್ಳಕ್ಕೆ ಬಿಡುವುದಕ್ಕಿಂತ ವಾಸಿ.

ಇನ್ನು ಅಳತೆ. ಪುಸ್ತಕದ ಲೆಕ್ಕ ಸುಲಭ. ತಲೆಗೆ ದಿನಕ್ಕೆ 135 ಲೀಟರ್ ನೀರು, ಅದರಲ್ಲಿ ನೂರಕ್ಕೆ 80 ಕೊಳಚೆ. ಐದು ಲಕ್ಷ ಜನ ಅಂತ ಇಟ್ಟುಕೊಂಡರೆ 54 ಎಂಎಲ್‌ಡಿ. ಕ್ಯಾಲ್ಕುಲೇಟರಲ್ಲಿ ಅರ್ಧ ನಿಮಿಷದ ಕೆಲಸ. ಆದರೆ ಆ ಐದು ಲಕ್ಷ ಎಲ್ಲಿಂದ ಬಂತು? 2011ರ ಜನಗಣತಿಯಲ್ಲಿ ನಮ್ಮ ನಗರದ ಜನಸಂಖ್ಯೆ 4.35 ಲಕ್ಷದ ಆಸುಪಾಸು. 2021ರಲ್ಲಿ ಆಗಬೇಕಿದ್ದ ಜನಗಣತಿ ಆಗಲೇ ಇಲ್ಲ. ಅಂದರೆ ಎಷ್ಟೋ ವರ್ಷದ ಹಿಂದಿನ ಅಂಕಿಯನ್ನು ಎಳೆದು ಹಿಗ್ಗಿಸಿ ಮುಂದಿನ ಮೂವತ್ತು ವರ್ಷದ ಪೈಪು ಹಾಕುತ್ತೇವೆ. ಬೇರೆ ದಾರಿ ಇಲ್ಲವೇ? ಇದೆ. ಬೆಸ್ಕಾಂ ಹತ್ತಿರ ವಾರ್ಡುವಾರು ಮೀಟರ್ ಸಂಖ್ಯೆ ಇದೆ. ಪಾಲಿಕೆಯಲ್ಲಿ ಕಂದಾಯದ ಖಾತೆಗಳಿವೆ. ಮತದಾರರ ಪಟ್ಟಿ ಇದೆ. ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಊರು ಯಾವ ದಿಕ್ಕಿಗೆ ಉಬ್ಬುತ್ತಿದೆ ಅಂತ ಗೊತ್ತಾಗುತ್ತದೆ. ಇದರ ಮೇಲೆ ಹಾಸ್ಟೆಲ್ ಹುಡುಗರು, ಆಸ್ಪತ್ರೆಗೆ ಅಂತ ಜಗಳೂರು, ಹರಪನಹಳ್ಳಿ, ಚನ್ನಗಿರಿಯಿಂದ ಬಂದು ಹೋಗುವವರು. ಇವರ್ಯಾರೂ ಇಲ್ಲಿಯ ಪಟ್ಟಿಯಲ್ಲಿರುವುದಿಲ್ಲ, ಆದರೆ ಇಲ್ಲೇ ಸ್ನಾನ ಮಾಡುತ್ತಾರೆ.

ಎಲ್ಲಕ್ಕಿಂತ ಮುಖ್ಯವಾಗಿ, ಮೋರಿಯಲ್ಲೇ ಅಳೆಯಿರಿ. ಇದಕ್ಕೆ ದೊಡ್ಡ ಯಂತ್ರ ಬೇಡ. ಒಂದು ಕಬ್ಬಿಣದ ತಗಡಿಗೆ 90 ಡಿಗ್ರಿಯ ವಿ ಆಕಾರದ ಸೀಳು ಕೊಯ್ದು ಮೋರಿಗೆ ಅಡ್ಡ ಕೂರಿಸಬೇಕು. ಸೀಳಿನಲ್ಲಿ ನೀರು ಎಷ್ಟು ಎತ್ತರಕ್ಕೆ ಏರಿದೆ ಅಂತ ಗಂಟೆಗೊಮ್ಮೆ ಸ್ಕೇಲ್ ಹಿಡಿದು ಬರೆದುಕೊಂಡರೆ ಆಯಿತು. 30 ಸೆಂಟಿಮೀಟರ್ ಏರಿದ್ದರೆ ಸೆಕೆಂಡಿಗೆ ಸುಮಾರು 68 ಲೀಟರ್ ಹರಿಯುತ್ತಿದೆ ಅಂತ ಅರ್ಥ. ಇಡೀ ದಿನ ಹಾಗೇ ಹರಿದರೆ 6 ಎಂಎಲ್‌ಡಿ ಹತ್ತಿರ. ಎರಡನೇ ವರ್ಷದ ಡಿಪ್ಲೊಮಾ ಹುಡುಗರು ಮಾಡುವ ಪ್ರಯೋಗ ಇದು.

ಅಳೆಯುವಾಗ ಒಂದು ಎಚ್ಚರ ಬೇಕು. ಒಂದು ದಿನ ಅಳೆದು ಬರಬೇಡಿ. ನಮ್ಮೂರಲ್ಲಿ ದಿನ ಬಿಟ್ಟು ದಿನವೋ, ಇನ್ನೂ ಹೆಚ್ಚು ದಿನಕ್ಕೊಮ್ಮೆಯೋ ನೀರು ಕಂಡ ಓಣಿಗಳಿವೆ. ನೀರು ಬಿಡುವ ದಿನ ಏನಾಗುತ್ತದೆ ಅಂತ ಹೆಂಗಸರನ್ನು ಕೇಳಿ. ಅವತ್ತೇ ಬಟ್ಟೆ, ಅವತ್ತೇ ಕಂಬಳಿ, ಅವತ್ತೇ ಅಂಗಳ ತೊಳೆಯುವುದು, ಹಳೆ ನೀರು ಚೆಲ್ಲಿ ಡ್ರಮ್ ತುಂಬಿಸುವುದು. ಮೋರಿ ಅವತ್ತು ಉಕ್ಕುತ್ತದೆ, ಮರುದಿನ ತೆಳ್ಳಗೆ ಹರಿಯುತ್ತದೆ. 24 ಗಂಟೆ ನೀರು ಬಂದಿರುವ ಕಡೆ ಈ ಏರಿಳಿತ ಬೇರೆಯೇ. ಅಲ್ಲಿ ಬೆಳಗ್ಗೆ ಆರರಿಂದ ಒಂಬತ್ತರವರೆಗೆ ಜೋರು, ನಡುರಾತ್ರಿ ಹನಿಹನಿ. ನಮ್ಮಷ್ಟು ದೊಡ್ಡ ಊರಿಗೆ ಸರಾಸರಿಯ ಎರಡೂಕಾಲು ಪಟ್ಟು ಹರಿವನ್ನು ಪೈಪು ತಡೆದುಕೊಳ್ಳಬೇಕು ಅಂತ ಕೇಂದ್ರದ ಕೈಪಿಡಿ ಹೇಳುತ್ತದೆ. ಅದು ಇಡೀ ದೇಶಕ್ಕೆ ಬರೆದದ್ದು. ನಮ್ಮ ನಿಟುವಳ್ಳಿಯ ಮೋರಿ, ಆಜಾದ್ ನಗರದ ಮೋರಿ ಏನು ಹೇಳುತ್ತವೆ ಅಂತ ಅಲ್ಲೇ ನಿಂತು ನೋಡಬೇಕು. ಬೇಸಿಗೆಯಲ್ಲಿ ಒಂದು ವಾರ, ಮಳೆಗಾಲದಲ್ಲಿ ಒಂದು ವಾರ.

ಮಳೆಗಾಲದ ಕಥೆಯೇ ಬೇರೆ. ತಾರಸಿಯ ಮಳೆನೀರಿನ ಪೈಪನ್ನು ಸದ್ದಿಲ್ಲದೆ ಯುಜಿಡಿ ಛೇಂಬರಿಗೆ ಕೊಟ್ಟವರು ಎಷ್ಟು ಜನ ಅಂತ ಜೋರು ಮಳೆ ಬಂದ ರಾತ್ರಿ ಗೊತ್ತಾಗುತ್ತದೆ. ತಗ್ಗಿನ ಓಣಿಗಳಲ್ಲಿ ಮ್ಯಾನ್‌ಹೋಲ್ ಮುಚ್ಚಳ ಎದ್ದು ಕೂರುತ್ತದೆ. ಎತ್ತರದ ಮನೆಯವರ ಮಳೆನೀರು ತಗ್ಗಿನ ಮನೆಯವರ ಬಚ್ಚಲಲ್ಲಿ ಉಕ್ಕುತ್ತದೆ. ಇದಕ್ಕೆ ಪೈಪು ದೊಡ್ಡದು ಮಾಡುವುದು ಉತ್ತರವಲ್ಲ. ದೊಡ್ಡ ಪೈಪಿನಲ್ಲಿ ಬೇಸಿಗೆಯ ಸಣ್ಣ ಹರಿವು ನಿಧಾನವಾಗುತ್ತದೆ. ಸೆಕೆಂಡಿಗೆ 0.6 ಮೀಟರ್ ವೇಗವಾದರೂ ಇಲ್ಲದಿದ್ದರೆ ಮರಳು, ಕೊಳೆ ತಳ ಹಿಡಿಯುತ್ತದೆ. ಆಮೇಲೆ ಕೊಳೆತು ಗ್ಯಾಸ್ ಹುಟ್ಟುತ್ತದೆ. ಅದು ಕಾಂಕ್ರೀಟನ್ನೂ ತಿನ್ನುತ್ತದೆ, ಒಳಗಿಳಿದ ಮನುಷ್ಯನನ್ನೂ ಬಿಡುವುದಿಲ್ಲ.

ಈ ಕೊನೆಯ ಮಾತನ್ನು ಅಷ್ಟಕ್ಕೇ ಬಿಟ್ಟು ಮುಂದೆ ಹೋಗಲಾರೆ. ಕೈಯಿಂದ ಮಲ ಬಾಚುವುದನ್ನು ನಿಷೇಧಿಸುವ ಕಾಯ್ದೆ 2013ರಲ್ಲೇ ಬಂದಿದೆ. ಒಳಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ ಕೊಡುವ ಪರಿಹಾರವನ್ನು ಸುಪ್ರೀಂ ಕೋರ್ಟ್ 2023ರಲ್ಲಿ 10 ಲಕ್ಷದಿಂದ 30 ಲಕ್ಷಕ್ಕೆ ಏರಿಸಿತು. ಕೋರ್ಟು ಮೊತ್ತ ಏರಿಸಬೇಕಾಗಿ ಬಂತು ಅಂದರೆ ಸಾವು ನಿಂತಿಲ್ಲ ಅಂತಲೇ ಅಲ್ವಾ? ಯೋಜನೆ ಬರೆಯುವಾಗಲೇ ಸಕ್ಕಿಂಗ್ ಗಾಡಿ, ಜೆಟ್ಟಿಂಗ್ ಗಾಡಿ ಎಷ್ಟು ಬೇಕು, ಯಾವ ಓಣಿಗೆ ದೊಡ್ಡ ಗಾಡಿ ಹೋಗುವುದಿಲ್ಲ, ಅಲ್ಲಿಗೆ ಸಣ್ಣ ಗಾಡಿ ಯಾವುದು, ಇವೆಲ್ಲ ನಕ್ಷೆಯಲ್ಲಿ ಗುರುತಾಗಬೇಕು. ಗಾಡಿ ಹೋಗದ ಓಣಿಗೆ ಮನುಷ್ಯ ಇಳಿಯುತ್ತಾನೆ. ಅದು ಎಲ್ಲ ಊರಿನಲ್ಲೂ ನಡೆದುಬಂದದ್ದು.

ನಮ್ಮ ಮೋರಿಗೆ ನಮ್ಮದೇ ಆದ ಗುಣವೂ ಇದೆ. ಬೆಣ್ಣೆ ದೋಸೆಯ ಊರು. ಹೋಟೆಲಿನ ಕಾವಲಿ, ಪಾತ್ರೆ ತೊಳೆದ ನೀರಿನಲ್ಲಿ ಬೆಣ್ಣೆ, ಎಣ್ಣೆ ಎಷ್ಟು ಹೋಗುತ್ತದೆ ಅಂತ ಹೋಟೆಲ್ ಹಿಂದಿನ ಛೇಂಬರ್ ತೆಗೆದು ನೋಡಬೇಕು. ಬಿಸಿ ಇದ್ದಾಗ ಹರಿಯುತ್ತದೆ, ಮುಂದೆ ತಣ್ಣಗಾಗಿ ಪೈಪಿನ ಒಳಗೋಡೆಗೆ ಮೇಣದ ಹಾಗೆ ಅಂಟುತ್ತದೆ. ಅದರ ಮೇಲೆ ಕೂದಲು, ಶಾಂಪೂ ಚೀಟಿ, ಗುಟ್ಕಾ ಚೀಟಿ. ಕೊನೆಗೆ ಪೈಪೇ ಕಟ್ಟಿಕೊಳ್ಳುತ್ತದೆ. ಹೋಟೆಲಿಗೊಂದು ಜಿಡ್ಡು ಹಿಡಿಯುವ ತೊಟ್ಟಿ ಅಂತ ಲೈಸೆನ್ಸ್ ನವೀಕರಣದಲ್ಲೇ ಷರತ್ತು ಹಾಕಿದರೆ ಪಾಲಿಕೆಗೆ ಒಂದು ರೂಪಾಯಿ ಖರ್ಚಿಲ್ಲ. ಮಂಡಕ್ಕಿ ಭಟ್ಟಿಗಳಲ್ಲಿ ಭತ್ತ ನೆನೆಸಿದ ನೀರೂ ಸಾಮಾನ್ಯ ಕೊಳಚೆಯಲ್ಲ. ಮನೆಯ ಕೊಳಚೆಗಿಂತ ಎಷ್ಟೋ ಪಟ್ಟು ಜಾಸ್ತಿ ಆಮ್ಲಜನಕ ಕುಡಿಯುತ್ತದೆ. ಭಟ್ಟಿಯವರ ಮೇಲೆ ಕೇಸು ಹಾಕಿ ಅಂತ ನಾನು ಹೇಳುತ್ತಿಲ್ಲ. ಬಡ ಕುಟುಂಬಗಳು ಬೆಂಕಿಯ ಮುಂದೆ ಕೂತು ಬದುಕುವ ಕಸುಬು ಅದು. ಆ ಭಾಗದ ನೀರನ್ನು ಬೇರೆಯಾಗಿ ಅಳೆದು, ಅಲ್ಲೇ ಒಂದು ಸಾಮೂಹಿಕ ಸಣ್ಣ ತೊಟ್ಟಿ ಕಟ್ಟಿ ಮೊದಲ ಹಂತದ ಶುದ್ಧಿ ಮಾಡಿಸಿ. ಅಷ್ಟು ಹೊರೆ ಘಟಕದ ಮೇಲೆ ಕಡಿಮೆಯಾಗುತ್ತದೆ. ಆಸ್ಪತ್ರೆಗಳಿಗೆ ಈ ರಿಯಾಯಿತಿ ಬೇಡ. ತಮ್ಮ ಕೊಳೆ ನೀರನ್ನು ತಾವೇ ಸಂಸ್ಕರಿಸಿ ಬಿಡಬೇಕು ಅಂತ 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದಲ್ಲೇ ಇದೆ. ಈ ಊರಲ್ಲಿ ಆಸ್ಪತ್ರೆಗಳೇನೂ ಕಡಿಮೆ ಇಲ್ಲ.

ದೂಡಾದವರಿಗೆ ಒಂದು ಮಾತು. ಹೊಸ ಬಡಾವಣೆಯ ನಕ್ಷೆಯಲ್ಲಿ ರಸ್ತೆ ಇರುತ್ತದೆ, ಪಾರ್ಕ್ ಇರುತ್ತದೆ, ಯುಜಿಡಿ ಪೈಪೂ ಇರುತ್ತದೆ. ಆ ಪೈಪಿನ ಕೊನೆ ಎಲ್ಲಿ? ಎಷ್ಟೋ ಕಡೆ ಅದು ಬಡಾವಣೆಯ ಗಡಿಗೆ ಬಂದು ಅಲ್ಲೇ ನಿಂತಿರುತ್ತದೆ. ಮುಂದೆ ಯಾರದೋ ಹೊಲ. ಸೈಟು ಮಾರಾಟವಾದ ಮೇಲೆ ಮಾಲೀಕರು ಸಿಗುವುದಿಲ್ಲ, ಹತ್ತು ವರ್ಷದ ಮೇಲೆ ಸಮಸ್ಯೆ ಪಾಲಿಕೆಯ ಮಡಿಲಿಗೆ ಬೀಳುತ್ತದೆ. ಕೊನೆಯ ಮ್ಯಾನ್‌ಹೋಲ್ ನಗರದ ಯಾವ ಮುಖ್ಯ ಕೊಳವೆಗೆ, ಯಾವ ಮಟ್ಟದಲ್ಲಿ ಸೇರುತ್ತದೆ ಅಂತ ಬರೆದುಕೊಡದ ನಕ್ಷೆಗೆ ಅನುಮೋದನೆ ಕೊಡಬೇಡಿ. ಪೈಪು ಬರಲು ಇನ್ನೂ ವರ್ಷಗಳಿರುವ ಹೊರವಲಯಕ್ಕೆ ಬೇರೆ ದಾರಿ ಇದೆ. ಅಲ್ಲಿ ಪಿಟ್ ಗುಂಡಿ, ಸೆಪ್ಟಿಕ್ ಟ್ಯಾಂಕೇ ಗತಿ. ಅದನ್ನು ಎಳೆದ ಟ್ಯಾಂಕರ್ ಎಲ್ಲಿ ಖಾಲಿ ಮಾಡುತ್ತದೆ ಅಂತ ಯಾರೂ ಕೇಳುವುದಿಲ್ಲ. ಬೆಂಗಳೂರು ಪಕ್ಕದ ದೇವನಹಳ್ಳಿಯಲ್ಲಿ 2015ರಿಂದ ಇದಕ್ಕೇ ಒಂದು ಸಣ್ಣ ಘಟಕ ಇದೆ. ಟ್ಯಾಂಕರ್ ಅಲ್ಲಿಗೇ ಹೋಗಿ ಸುರಿಯುತ್ತದೆ. ಹೊಸ ಘಟಕದ ಕಾಂಪೌಂಡಿನ ಒಂದು ಮೂಲೆಯಲ್ಲಿ ಅಂಥದ್ದೊಂದಕ್ಕೆ ಜಾಗ ಬಿಟ್ಟುಕೊಂಡರೆ ಸಾಕು.

ಈಗ ಇನ್ನೊಂದು ತುದಿಗೆ ಬರುತ್ತೇನೆ.

54 ಎಂಎಲ್‌ಡಿ ಅಂದೆನಲ್ಲ, ಅದನ್ನು ರೈತರ ಲೆಕ್ಕದಲ್ಲಿ ಹೇಳುತ್ತೇನೆ. ಸುಮಾರು 22 ಕ್ಯೂಸೆಕ್ಸ್. ವರ್ಷಕ್ಕೆ 0.7 ಟಿಎಂಸಿ. ಭದ್ರಾ ಅಣೆಕಟ್ಟಿನ 71.5 ಟಿಎಂಸಿ ಮುಂದೆ ಇದು ಏನೂ ಅಲ್ಲ, ನಿಜ. ಆದರೆ ಅಣೆಕಟ್ಟಿನ ನೀರಿಗೂ ಇದಕ್ಕೂ ಒಂದು ವ್ಯತ್ಯಾಸ ಇದೆ. ಬರ ಬಂದರೂ ಜನ ಸ್ನಾನ ಬಿಡುವುದಿಲ್ಲ. 2023ರಲ್ಲಿ ಮಳೆ ಕೈಕೊಟ್ಟಾಗ ಭದ್ರಾ ನಾಲೆ ನೀರಿಗಾಗಿ ಈ ಜಿಲ್ಲೆಯ ರೈತರು ಬೀದಿಗಿಳಿದದ್ದು ಎಲ್ಲರಿಗೂ ನೆನಪಿದೆ. ಕೊನೆಭಾಗದ ದಾವಣಗೆರೆ, ಹರಿಹರದ ಗದ್ದೆಗಳಿಗೆ ನಾಲೆಯ ನೀರು ತಲುಪುವುದು ಯಾವಾಗಲೂ ಕಷ್ಟವೇ. ಅಂಥಲ್ಲಿ ವರ್ಷವಿಡೀ, ಒಂದೇ ಸಮನೆ, ಮನೆಬಾಗಿಲಲ್ಲಿ ಹುಟ್ಟುವ ನೀರನ್ನು ಹಳ್ಳಕ್ಕೆ ಬಿಟ್ಟು ಸುಮ್ಮನಿರುವುದು ಯಾವ ಜಾಣತನ?

ಆದ್ದರಿಂದ ಘಟಕದ ಜಾಗ ಹುಡುಕುವಾಗ ಸರ್ಕಾರಿ ಜಮೀನು ಎಲ್ಲಿದೆ ಅಂತ ಮಾತ್ರ ನೋಡಬೇಡಿ. ಹೊರಬಂದ ನೀರು ಪಂಪಿನ ಹಂಗಿಲ್ಲದೆ ಯಾರ ಹೊಲಕ್ಕೆ ಇಳಿಜಾರಿನಲ್ಲಿ ಹೋಗುತ್ತದೆ ಅಂತಲೂ ನೋಡಿ. ಆ ಊರಿನವರನ್ನು ಮೊದಲೇ ಕೂರಿಸಿ ಮಾತಾಡಿ. ಘಟಕಕ್ಕೆ ಜಾಗ ಕೊಡುವವರಿಗೆ ಬರೀ ವಾಸನೆ, ನೀರು ಮಾತ್ರ ಬೇರೆಯವರಿಗೆ ಅಂದರೆ ಯಾರು ಒಪ್ಪುತ್ತಾರೆ? ಎಷ್ಟು ಎಕರೆಗೆ, ಯಾವ ಬೆಳೆಗೆ, ನೀರು ಹಂಚುವ ನೀರಗಂಟಿ ಯಾರು, ಮಳೆಗಾಲದಲ್ಲಿ ಯಾರಿಗೂ ನೀರು ಬೇಡವಾದಾಗ ಅದು ಎಲ್ಲಿ ಹೋಗಬೇಕು. ಇದೆಲ್ಲ ಒಪ್ಪಂದವಾಗಿ ಡಿಪಿಆರ್‌ನಲ್ಲೇ ಇರಲಿ. ಕೈಗಾರಿಕೆಗೂ ಮಾರಬಹುದು. ಸೂರತ್ ಪಾಲಿಕೆ ಬಟ್ಟೆ ಕಾರ್ಖಾನೆಗಳಿಗೆ ಶುದ್ಧೀಕರಿಸಿದ ನೀರು ಮಾರುತ್ತದೆ. ನಾಗಪುರದ ಕೊಳಚೆ ನೀರು ಶುದ್ಧವಾಗಿ ವಿದ್ಯುತ್ ಸ್ಥಾವರಕ್ಕೆ ಹೋಗುತ್ತದೆ. ನಮ್ಮಲ್ಲಿ ಅಷ್ಟು ದೊಡ್ಡ ಗಿರಾಕಿ ಇಲ್ಲ. ನಮಗೆ ರೈತನೇ ಗಿರಾಕಿ.

ಆದರೆ ಎಂಥ ನೀರು ಕೊಡುತ್ತೇವೆ ಅನ್ನುವುದು ಮುಖ್ಯ. ಬೆಂಗಳೂರಿನ ಕೊಳಚೆಯನ್ನು ಶುದ್ಧೀಕರಿಸಿದ ಕೆ.ಸಿ. ವ್ಯಾಲಿ ನೀರು 2018ರಲ್ಲಿ ಕೋಲಾರದ ಕೆರೆಗೆ ಹರಿದಾಗ ನೊರೆ ಬಂತು, ವಿವಾದ ಕೋರ್ಟು ಹತ್ತಿತು. ಎರಡು ಹಂತದ ಶುದ್ಧಿ ಸಾಕೇ, ಮೂರನೇ ಹಂತ ಬೇಕೇ ಅನ್ನುವ ವಾದ ಇನ್ನೂ ತಣ್ಣಗಾಗಿಲ್ಲ. ಆ ಪಾಠ ನಮಗೆ ಪುಕ್ಕಟೆ ಸಿಕ್ಕಿದೆ, ಬಳಸಿಕೊಳ್ಳೋಣ. ಮೆಟ್ರೊ ನಗರಗಳನ್ನು ಬಿಟ್ಟು ಉಳಿದ ಊರುಗಳಿಗೆ ಬಿಒಡಿ (ನೀರಿನಲ್ಲಿ ಉಳಿದ ಕೊಳೆ ಎಷ್ಟು ಆಮ್ಲಜನಕ ಕುಡಿಯುತ್ತದೆ ಅನ್ನುವ ಅಳತೆ) ಲೀಟರಿಗೆ 30 ಮಿಲಿಗ್ರಾಂ ಸಾಕು ಅಂತ 2017ರ ಕೇಂದ್ರದ ಅಧಿಸೂಚನೆ ಹೇಳಿತ್ತು. 2019ರಲ್ಲಿ ಹಸಿರು ನ್ಯಾಯಮಂಡಳಿ ಅದನ್ನು 10ಕ್ಕೆ ಇಳಿಸಲು ಹೇಳಿತು. 10ಕ್ಕೇ ಕಟ್ಟಿ. ನಾಳೆ ನಿಯಮ ಬಿಗಿಯಾದಾಗ ಮತ್ತೆ ಒಡೆಯುವುದು ಬೇಡ.

ಬಿಒಡಿ ಒಂದನ್ನೇ ನೋಡಿದರೂ ಸಾಲದು. ಹೊಲಕ್ಕೆ ಬಿಡುವ ನೀರಿನಲ್ಲಿ ನನಗೆ ಜಾಸ್ತಿ ಭಯ ಜಂತುಹುಳುವಿನ ಮೊಟ್ಟೆಯದ್ದು. ಲೀಟರಿಗೆ ಒಂದಕ್ಕಿಂತ ಹೆಚ್ಚು ಇರಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ 2006ರ ಮಾರ್ಗಸೂಚಿಯಲ್ಲಿ ಹೇಳಿದೆ. ಕ್ಲೋರಿನ್‌ಗೆ ಆ ಮೊಟ್ಟೆ ಸಾಯುವುದಿಲ್ಲ. ಬರಿಗಾಲಲ್ಲಿ ಗದ್ದೆಗಿಳಿಯುವ ಹೆಣ್ಣುಮಕ್ಕಳ ಕಾಲಿಗೆ, ಹಸಿ ಕೊತ್ತಂಬರಿ ಸೊಪ್ಪಿನ ಮೂಲಕ ನಮ್ಮ ಹೊಟ್ಟೆಗೆ ಬರುತ್ತದೆ. ಉಪಾಯ ಬಹಳ ಸರಳ. ನೀರನ್ನು ಕೆಲವು ದಿನ ಹೊಂಡದಲ್ಲಿ ನಿಲ್ಲಿಸಿದರೆ ಮೊಟ್ಟೆ ತಳಕ್ಕೆ ಕೂರುತ್ತದೆ. ಘಟಕದ ಆಚೆ ಅಂಥ ಹೊಂಡಕ್ಕೆ ಜಾಗ ಇರಲಿ. ಸೊಪ್ಪು, ತರಕಾರಿಗೆ ಈ ನೀರು ಬೇಡ. ಮೆಕ್ಕೆಜೋಳ, ಮೇವು, ತೋಟಕ್ಕೆ ಆಗಬಹುದು. ಕುಂದುವಾಡ ಕೆರೆಯ ಕಡೆಗಂತೂ ಒಂದು ಹನಿಯೂ ಹೋಗಬಾರದು, ಅದು ನಾವು ಕುಡಿಯುವ ನೀರು.

ಹೊಳೆಗೆ ಬಿಟ್ಟರೆ ಸಾಕಲ್ಲ, ಹೊಳೆ ತೊಳೆದುಕೊಂಡು ಹೋಗುತ್ತದೆ ಅನ್ನುವವರೂ ಇದ್ದಾರೆ. ಹೊಳೆಯ ದಾರಿಯನ್ನು ಒಮ್ಮೆ ನೋಡಿ. ತುಂಗೆಯ ದಂಡೆಯಲ್ಲಿ ಶಿವಮೊಗ್ಗ, ಭದ್ರೆಯ ದಂಡೆಯಲ್ಲಿ ಭದ್ರಾವತಿ. ಎರಡೂ ಕೂಡ್ಲಿಯಲ್ಲಿ ಸೇರಿ, ಹೊನ್ನಾಳಿ ದಾಟಿ, ಹರಿಹರದ ಹತ್ತಿರ ರಾಜನಹಳ್ಳಿಗೆ ಬಂದಾಗ ನಾವು ಪಂಪ್ ಹಾಕಿ ಎತ್ತಿ ಕುಡಿಯುತ್ತೇವೆ. ಶಿವಮೊಗ್ಗದವರು ಕೊಳಚೆ ಬಿಟ್ಟರೆ ನಮಗೆ ಸಿಟ್ಟು ಬರುತ್ತದೆ. ನಮ್ಮ ಹಳ್ಳಗಳೂ ಕೊನೆಗೆ ಅದೇ ತುಂಗಭದ್ರೆ ಸೇರುತ್ತವೆ, ಕೆಳಗಿನವರಿಗೂ ಅದೇ ಸಿಟ್ಟು ಬರುತ್ತದೆ.

ನಡುವಿನ ಘಟಕದ ಬಗ್ಗೆ ಉದ್ದ ಬರೆಯುವುದಿಲ್ಲ. ತಂತ್ರಜ್ಞಾನ ಮಾರುವವರು ತಮ್ಮ ಬಾಗಿಲಿಗೆ ತಾವೇ ಬರುತ್ತಾರೆ. ಎರಡೇ ಮಾತು. ಬರೀ ಹೊಂಡಗಳಲ್ಲಿ ಶುದ್ಧ ಮಾಡುವ ಹಳೆ ಪದ್ಧತಿಗೆ ಕರೆಂಟು ಹೆಚ್ಚುಕಡಿಮೆ ಬೇಡ, ಆದರೆ ಎಂಎಲ್‌ಡಿಗೆ ಸುಮಾರು ಒಂದು ಹೆಕ್ಟೇರ್ ಜಾಗ ಬೇಕು. ಎಸ್‌ಬಿಆರ್‌ನಂಥ ಒಂದೇ ತೊಟ್ಟಿಯಲ್ಲಿ ಸರದಿಯ ಮೇಲೆ ಗಾಳಿ ಊದಿ ತಿಳಿಗೊಳಿಸುವ ಹೊಸ ಪದ್ಧತಿಗೆ ಅದರ ಹತ್ತನೇ ಒಂದು ಪಾಲು ಜಾಗ ಸಾಕು, ಆದರೆ ಗಾಳಿ ಊದುವ ಬ್ಲೋವರ್ ಹಗಲು ರಾತ್ರಿ ಕರೆಂಟು ತಿನ್ನುತ್ತದೆ. ಎಂಎಲ್‌ಡಿಗೆ 150 ಯೂನಿಟ್ ಅಂದುಕೊಂಡರೂ 54ಕ್ಕೆ ದಿನಕ್ಕೆ 8,100 ಯೂನಿಟ್. ಯೂನಿಟ್ಟಿಗೆ 6 ರೂಪಾಯಿ ಹಿಡಿದರೂ ವರ್ಷಕ್ಕೆ ಸುಮಾರು 1.77 ಕೋಟಿ. ಇದು ಬರೀ ಕರೆಂಟ್ ಬಿಲ್ಲು. ಕಟ್ಟುವ ದುಡ್ಡನ್ನು ಕೇಂದ್ರವೋ, ರಾಜ್ಯವೋ, ಬ್ಯಾಂಕೋ ಕೊಡುತ್ತದೆ. ಈ ಬಿಲ್ಲು ಪಾಲಿಕೆಯದ್ದು. ಇದಕ್ಕೆ ದುಡ್ಡು ಎತ್ತಿಡದಿದ್ದರೆ ಮೊದಲು ನಿಲ್ಲುವುದು ಬ್ಲೋವರ್. ಹೊರಗಿನಿಂದ ನೋಡಿದವರಿಗೆ ಗೊತ್ತೂ ಆಗುವುದಿಲ್ಲ, ನೀರು ಒಂದು ಕಡೆಯಿಂದ ಬಂದು ಇನ್ನೊಂದು ಕಡೆಯಿಂದ ಹೋಗುತ್ತಲೇ ಇರುತ್ತದೆ. ಎರಡನೇ ಮಾತು, ಒಂದೇ ಸಲಕ್ಕೆ ದೈತ್ಯ ಘಟಕ ಕಟ್ಟಬೇಡಿ. ಜಾಗ ಮೂವತ್ತು ವರ್ಷಕ್ಕೆ ಹಿಡಿಯಿರಿ, ತೊಟ್ಟಿಗಳನ್ನು ಹಂತಹಂತವಾಗಿ ಕಟ್ಟಿ. ಯಂತ್ರಗಳ ಆಯುಸ್ಸೇ ಹದಿನೈದು ವರ್ಷ. ಖಾಲಿ ಓಡಿಸಿ ಸವೆಸುವುದು ಯಾಕೆ? ವೆಟ್‌ವೆಲ್ (ಕೊಳಚೆ ಬಂದು ತುಂಬುವ ಬಾವಿ) ಇರುವ ಪಂಪ್‌ಹೌಸುಗಳಿಗೆ ಬೆಸ್ಕಾಂನಿಂದ ಪ್ರತ್ಯೇಕ ಫೀಡರ್ ಕೇಳಿ. ಕರೆಂಟು ಹೋದ ಗಂಟೆಯಲ್ಲಿ ಕೊಳಚೆ ಹಳ್ಳಕ್ಕೇ ಹೋಗುವುದು.

ಘಟಕ ನಡೆಯುತ್ತಿದೆಯೋ ಇಲ್ಲವೋ ಅಂತ ನಮ್ಮಂಥವರಿಗೆ ತಿಳಿಯುವುದು ಹೇಗೆ? ಬಿಒಡಿ ಫಲಿತಾಂಶ ಬರಲು 27 ಡಿಗ್ರಿಯಲ್ಲಿ 3 ದಿನ ಬೇಕು, ಲ್ಯಾಬ್ ಬೇಕು. ಆದರೆ ಅರ್ಧ ಗಂಟೆಯ ಒಂದು ಪರೀಕ್ಷೆ ಇದೆ, ಯಾರು ಬೇಕಾದರೂ ನೋಡಬಹುದು. ಗಾಳಿ ಊದುವ ತೊಟ್ಟಿಯಿಂದ ಒಂದು ಲೀಟರ್ ನೀರನ್ನು ಗಾಜಿನ ಉದ್ದ ಜಾರಿಗೆ ತುಂಬಿ ಅಲ್ಲಾಡಿಸದೆ ಇಡಬೇಕು. ಘಟಕ ಆರೋಗ್ಯವಾಗಿದ್ದರೆ ಆ ಕೆಸರು ಕಂದು ಬಣ್ಣ, ಮೊದಲ ಮಳೆಗೆ ನೆನೆದ ಮಣ್ಣಿನ ವಾಸನೆ. ಐದೇ ನಿಮಿಷದಲ್ಲಿ ಹತ್ತಿಯ ಎಳೆಗಳಂತೆ ಒಂದಕ್ಕೊಂದು ಅಂಟಿ ಇಳಿಯಲು ಶುರುವಾಗುತ್ತದೆ. ಅರ್ಧ ಗಂಟೆಗೆ ಕೆಳಗೆ ಕಾಲು ಭಾಗದಷ್ಟು ಕೆಸರು, ಮೇಲೆ ತಿಳಿನೀರು. ಬ್ಲೋವರ್ ನಿಲ್ಲಿಸಿದ ಘಟಕದಲ್ಲಿ ಅದೇ ಕೆಸರು ಕಪ್ಪಗಿರುತ್ತದೆ, ಕೊಳೆತ ಮೊಟ್ಟೆಯ ನಾತ ಹೊಡೆಯುತ್ತದೆ. ಎಷ್ಟು ಹೊತ್ತು ಬಿಟ್ಟರೂ ಮೇಲಿನ ನೀರು ತಿಳಿಯಾಗುವುದಿಲ್ಲ. ನನ್ನ ವಿದ್ಯಾರ್ಥಿಗಳಿಗೆ ಇಡೀ ಸೆಮಿಸ್ಟರ್ ಪಾಠಕ್ಕಿಂತ ಆ ಜಾರು ಜಾಸ್ತಿ ಕಲಿಸುತ್ತಿತ್ತು. ತಿಂಗಳಿಗೊಂದು ದಿನ ಘಟಕದ ಗೇಟು ತೆರೆದಿಡಿ. ಶಾಲೆ ಮಕ್ಕಳು, ಪಕ್ಕದ ಹಳ್ಳಿಯ ರೈತರು ಬಂದು ಆ ಜಾರು ನೋಡಲಿ. ಗೇಟಿನ ಹೊರಗೆ ಕನ್ನಡದಲ್ಲಿ ಒಂದು ಬೋರ್ಡ್ ಇರಲಿ: ನಿನ್ನೆ ಬಂದ ಕೊಳಚೆ ಎಷ್ಟು, ಹೊರಗೆ ಹೋದದ್ದು ಎಷ್ಟು, ಸುಟ್ಟ ಯೂನಿಟ್ ಎಷ್ಟು. ಯೂನಿಟ್ ಏಕಾಏಕಿ ಅರ್ಧಕ್ಕೆ ಇಳಿದರೆ ಓದಿದವರಿಗೆ ಅರ್ಥವಾಗುತ್ತದೆ.

ಜನರಿಗೂ ಒಂದು ಮಾತು ಹೇಳಬೇಕು. ಯುಜಿಡಿ ಶುಲ್ಕ ಏರಿಸಿದರೆ ನಾವೇ ಮೊದಲು ಪ್ರತಿಭಟನೆಗೆ ಹೋಗುವವರು. ಮೊಬೈಲ್ ರೀಚಾರ್ಜಿಗೆ ತಿಂಗಳಿಗೆ ಎಷ್ಟು ಕೊಡುತ್ತೇವೆ ಅಂತ ಲೆಕ್ಕ ಹಾಕಿ, ಆಮೇಲೆ ಬೇಕಾದರೆ ಹೋಗೋಣ. ಕೊಟ್ಟ ದುಡ್ಡು ಘಟಕಕ್ಕೇ ಹೋಗುತ್ತದೆ ಅನ್ನುವ ಪ್ರತ್ಯೇಕ ಖಾತೆ ಇದ್ದರೆ ನಾನಂತೂ ತಕರಾರು ಮಾಡುವುದಿಲ್ಲ.

ಆಯುಕ್ತರೇ, ಇಷ್ಟೆಲ್ಲ ಒಂದೇ ಸಲಕ್ಕೆ ಆಗುವುದಿಲ್ಲ ಅಂತ ಗೊತ್ತು. ಡಿಪಿಆರ್‌ಗೆ ಸಲಹೆಗಾರರನ್ನು ಕರೆಯುವ ಮೊದಲು ಎರಡು ಕೆಲಸ ಮಾಡಿಸಿ. ಮುಖ್ಯ ಮೋರಿಗಳ ಬಾಯಲ್ಲಿ ವಿ ಸೀಳಿನ ತಗಡು ಕೂರಿಸಿ ಅಳತೆ ತೆಗೆಸಿ, ಬಂದ ಅಂಕಿಗಳನ್ನು ಪಾಲಿಕೆಯ ಬಾಗಿಲಲ್ಲಿ ಅಂಟಿಸಿ. ಹಾಗೇ ನೀರು ಇಳಿಯುವ ದಿಕ್ಕಿನ ಹಳ್ಳಿಗಳಲ್ಲಿ ಒಂದೊಂದು ಗ್ರಾಮಸಭೆ ಕರೆದು ನೀರು ಬೇಕೋ ಬೇಡವೋ, ಬೇಕಾದರೆ ಯಾವ ಷರತ್ತಿಗೆ ಅಂತ ಬರೆಸಿಕೊಳ್ಳಿ. ಅಳತೆಗೆ ಆಳು ಸಾಲದಿದ್ದರೆ ಊರಿನಲ್ಲಿ ಇಂಜಿನಿಯರಿಂಗ್ ಕಾಲೇಜುಗಳಿವೆ, ಪಾಲಿಟೆಕ್ನಿಕ್‌ಗಳಿವೆ. ಹುಡುಗರಿಗೆ ಪ್ರಾಜೆಕ್ಟ್ ಸಿಕ್ಕ ಹಾಗಾಗುತ್ತದೆ, ತಮಗೆ ಅಂಕಿ ಸಿಗುತ್ತದೆ. ರಾತ್ರಿ ಪಾಳಿಗೆ ಯಾರೂ ಬರದಿದ್ದರೆ ನನಗೆ ಹೇಳಿ. ಹೇಗೂ ಈ ವಯಸ್ಸಿಗೆ ನಿದ್ದೆ ಕಡಿಮೆ, ಬ್ಯಾಟರಿ ಮತ್ತು ಸ್ಕೇಲ್ ನನ್ನ ಹತ್ತಿರವೇ ಇದೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಸಿವಿಲ್ ಉಪನ್ಯಾಸಕ
ವಿನೋಬನಗರ, ದಾವಣಗೆರೆ